ಹಳದಿ ಗೂಡು, ಬಿಳಿ ಗೂಡು

ವಿದುರಾಶ್ವತ್ಥದ ಕಟ್ಟೆಯ ಮೇಲೆ ಕೂತು ಸರದಿ ಕಾಯುತ್ತಿದ್ದಷ್ಟು ಹೊತ್ತೂ ದೊಡ್ಡಪ್ಪನ ಬಲಗೈ ಆಡುತ್ತಲೇ ಇತ್ತು. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ. ಹೆಬ್ಬೆರಳೂ ತೋರುಬೆರಳೂ ಹತ್ತಿಬತ್ತಿ ಹೊಸೆಯುವ ಹಾಗೆ ಒಂದೇ ಸಮ ಉಜ್ಜಿಕೊಳ್ಳುತ್ತಿದ್ದವು. ಸರದಿ ಬಂತು. ದೊಡ್ಡಮ್ಮ ಹಾಲಿನ ಚೊಂಬು ಕೊಟ್ಟರು. ಚೊಂಬು ಹಿಡಿದು ಕೈ ಚಾಚಿದೊಡನೆ ನಡುಕ ಅಡಗಿಹೋಯಿತು. ಹಾಲು ನಾಗರಕಲ್ಲಿನ ಹೆಡೆಯ ಮೇಲೆ ನೆಟ್ಟಗೆ ಇಳಿಯಿತು. ದೊಡ್ಡಮ್ಮನ ಕಣ್ಣು ತುಂಬಿ ಬಂತು. "ನೋಡ್ದೇನಪ್ಪಾ, ನಾಗಪ್ಪ ಕೈ ಹಿಡ್ದ" ಎಂದರು.

ನಾನು ಏನೂ ಹೇಳಲಿಲ್ಲ. ಹೇಳಲು ನನಗೆ ಗೊತ್ತಿದ್ದದ್ದಾದರೂ ಏನು? ಪಾರ್ಕಿನ್ಸನ್ ಕಾಯಿಲೆಯ ನಡುಕ ಕೈ ಸುಮ್ಮನಿದ್ದಾಗ ಹೆಚ್ಚು, ಕೆಲಸಕ್ಕೆ ಹೊರಟಾಗ ಕಡಿಮೆ ಎಂಬುದನ್ನು ಓದಿ ತಿಳಿದದ್ದು ಬಹಳ ದಿನಗಳ ಮೇಲೆ. ಹಿಂತಿರುಗುವಾಗ ಬಸ್ಸಿನ ಸೀಟಿನಲ್ಲಿ ಕೈ ಮತ್ತೆ ಬತ್ತಿ ಹೊಸೆಯತೊಡಗಿತ್ತು. ದೊಡ್ಡಮ್ಮ ಅದನ್ನು ನೋಡಿಯೂ ನೋಡದವರಂತೆ ಸೆರಗಿನಿಂದ ಮುಚ್ಚಿದರು.

ಗೌರಿಬಿದನೂರು ತಾಲ್ಲೂಕಿನ ಉತ್ತರ ಪಿನಾಕಿನಿಯ ದಂಡೆಯ ಈ ಊರಿಗೆ ನಮ್ಮ ಕಡೆಯವರು ಬರುವುದು ಎರಡು ನೆನಪುಗಳಿಗಾಗಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಇಲ್ಲೇ. ಇನ್ನೊಂದು ನೆನಪು ಪುರಾಣದ್ದು, ವಿದುರ ನೆಟ್ಟ ಅಶ್ವತ್ಥದ್ದು. ಆ ಹಳೆಯ ಮರ 2001ರಲ್ಲಿ ಉರುಳಿತು. ಅದರ ಸುತ್ತ ತಲೆಮಾರುಗಳಿಂದ ಜನ ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಮಕ್ಕಳಾಗದವರು, ಚರ್ಮರೋಗದವರು, ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಅದೇ ಕಾಯಿಲೆ ಬಂದವರು ಇಲ್ಲಿ ಕಲ್ಲು ನಿಲ್ಲಿಸುತ್ತಾರೆ. ಅಶ್ವತ್ಥಕ್ಕೆ ಸಂಸ್ಕೃತದಲ್ಲಿ ‘ಚಲದಲ’ ಎಂಬ ಹೆಸರೂ ಇದೆ. ಗಾಳಿ ಇರಲಿ ಬಿಡಲಿ, ಎಲೆ ಅಲುಗುತ್ತಲೇ ಇರುವ ಮರ. ನಡುಗುವ ಕೈಯವರು ನಡುಗುವ ಎಲೆಯ ಮರವಿದ್ದ ಜಾಗಕ್ಕೆ ಬಂದು ನಿಲ್ಲುವುದನ್ನು ಕಂಡಾಗ ನನಗೆ ಕರುಳು ಚುರುಕ್ ಎನ್ನುತ್ತದೆ.

ವಿದುರನ ಹುಟ್ಟಿನ ಕಥೆಯೂ ಅನುವಂಶಿಕತೆಯ ಕಥೆಯೇ. ವ್ಯಾಸರಿಂದ ಹುಟ್ಟಿದ ಮೂವರಲ್ಲಿ ಧೃತರಾಷ್ಟ್ರ ಕುರುಡ, ಪಾಂಡು ಬಿಳಿಚಿಕೊಂಡವನು, ವಿದುರ ಆರೋಗ್ಯವಂತ. ಕಾರಣವನ್ನು ಪುರಾಣ ತಾಯಂದಿರ ಮೇಲೆ ಹೊರಿಸುತ್ತದೆ: ಅಂಬಿಕೆ ಕಣ್ಣು ಮುಚ್ಚಿಕೊಂಡಳು, ಅಂಬಾಲಿಕೆ ಬಿಳಿಚಿಕೊಂಡಳು, ದಾಸಿ ಅಳುಕಲಿಲ್ಲ. ಮಗುವಿಗೆ ಏನಾದರೂ ಆದರೆ "ಅವಳ ಹೊಟ್ಟೆಯ ದೋಷ" ಎನ್ನುವ ನಮ್ಮ ಊರುಗಳ ಮಾತು ಅಷ್ಟು ಹಳೆಯದು. ಈ ಅಂಕಣ ಬರೆಯಲು ಕೂತದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ದೊಡ್ಡಪ್ಪನ ಹುಳುಮನೆ.

ಅವರದು ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ತೋಟ. ಎಳವೆಯಿಂದ ರೇಷ್ಮೆಹುಳು ಸಾಕಿದವರು. ರೇಷ್ಮೆಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ನಿಜವಾದ ಜ್ವರವಲ್ಲ, ಪೊರೆ ಬಿಡುವ ಹೊತ್ತು. ಆಗ ಹುಳು ತಲೆ ಎತ್ತಿ ಕದಲದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಜ್ವರಕ್ಕೆ ಕೂತ ಹುಳುವಿನ ಮೇಲೆ ಸೊಪ್ಪು ಹಾಕಬಾರದೆಂಬುದು ರೇಷ್ಮೆ ಮನೆಯ ಹತ್ತು ವರ್ಷದ ಮಗುವಿಗೂ ಗೊತ್ತು. ಒಂದು ಬೆಳಗ್ಗೆ ದೊಡ್ಡಪ್ಪ ಮೂರನೇ ಜ್ವರಕ್ಕೆ ಕೂತ ಹುಳುವಿನ ಮೇಲೆ ಹೊರೆಗಟ್ಟಲೆ ಸೊಪ್ಪು ಹರಡಿದ್ದರು. ಕೈ ನಡುಗಲು ಶುರುವಾಗಿ ಆರೇಳು ವರ್ಷವಾಗಿತ್ತು, ಅದಕ್ಕೆ ಮನೆಯವರೆಲ್ಲ ಹೊಂದಿಕೊಂಡಿದ್ದರು. ಆದರೆ ಆ ಬೆಳಗ್ಗೆ ದೊಡ್ಡಪ್ಪನ ಮಗಳು, ನನ್ನ ಅಕ್ಕ, ಫೋನ್ ಮಾಡಿ ಅತ್ತಳು. "ಅಪ್ಪನಿಗೆ ಹೆಸರು, ಊರು, ಸಾಲದ ಲೆಕ್ಕ ಎಲ್ಲಾ ನೆನಪಿದೆ. ಯಾವುದಾದ ಮೇಲೆ ಯಾವುದು ಅನ್ನೋದೇ ಹೋಗ್ಬಿಟ್ಟಿದೆ" ಎಂದಳು. ಅದಕ್ಕಿಂತ ಚೆನ್ನಾಗಿ ಯಾವ ವೈದ್ಯರೂ ಆ ಲಕ್ಷಣವನ್ನು ನನಗೆ ವಿವರಿಸಿಲ್ಲ.

ಈ ಗೊಂದಲಕ್ಕೆಂದು ನಾವು ಮೊದಲು ತೋರಿಸಿದ ವೈದ್ಯರು "ವಯಸ್ಸಾಯ್ತಲ್ಲ" ಎಂದು ಕಳಿಸಿದ್ದರು. ಆ ಮಾತಿಗೆ ಇನ್ನೂರು ವರ್ಷದ ಬೇರಿದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ನಡುಕದ ಕಾಯಿಲೆಯ ಬಗ್ಗೆ ಬರೆದ ಚಿಕ್ಕ ಪುಸ್ತಕದಲ್ಲಿ ಆರು ಜನರ ವಿವರ ಕೊಟ್ಟಿದ್ದ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ನೋಡಿದ್ದಷ್ಟೇ. ನಡಿಗೆ, ಬಾಗಿದ ಬೆನ್ನು, ನಡುಕ ಎಲ್ಲವನ್ನೂ ಎಷ್ಟು ನಿಖರವಾಗಿ ಬರೆದನೆಂದರೆ ಇವತ್ತಿಗೂ ಒಪ್ಪುತ್ತದೆ. ಒಂದು ಮಾತು ಮಾತ್ರ ತಪ್ಪಿದ: ಈ ಕಾಯಿಲೆಯಲ್ಲಿ ಬುದ್ಧಿಗೆ ಧಕ್ಕೆಯಿಲ್ಲ ಎಂದ. ಆ ವಾಕ್ಯ ಬಹುಕಾಲ ಉಳಿದುಬಿಟ್ಟಿತು. ಸಿಡ್ನಿಯ ಸಂಶೋಧಕರು ಪಾರ್ಕಿನ್ಸನ್ ಬಂದವರ ಒಂದು ಗುಂಪನ್ನು 20 ವರ್ಷ ಬಿಡದೆ ಹಿಂಬಾಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟು ಕಾಲ ಬದುಕುಳಿದವರಲ್ಲಿ ಶೇ. 83ರಷ್ಟು ಮಂದಿಗೆ ಡಿಮೆನ್ಷಿಯಾ ಬಂದಿತ್ತು.

ಕಾರಣ ಮೆದುಳಿನ ಆಳದಲ್ಲಿದೆ. ಅಲ್ಲಿ ಕೆಲವು ನರಗಂಟುಗಳಿವೆ. ಯಾವ ಕೆಲಸ ಈಗ ಶುರು, ಯಾವುದು ಈಗ ಬೇಡ ಎಂದು ನಿರ್ಧರಿಸುವುದರಲ್ಲಿ ಅವುಗಳದೇ ದೊಡ್ಡ ಪಾಲು. ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದರೆ ಈ ಗಂಟುಗಳು ಮಂಕಾಗುತ್ತವೆ, ಕಾಲು ಹೊಸ್ತಿಲ ಬಳಿ ಅಂಟಿಕೊಂಡಂತೆ ನಿಲ್ಲುತ್ತದೆ. ಆದರೆ ಅವೇ ಗಂಟುಗಳಿಂದ ಮೆದುಳಿನ ಮುಂಭಾಗಕ್ಕೂ ದಾರಿಗಳಿವೆ. ಯೋಚನೆಗೂ ಒಂದು ಹೆಜ್ಜೆಯ ಮೇಲೊಂದು ಹೆಜ್ಜೆ ಎಂಬುದಿದೆಯಲ್ಲ, ಅದೂ ಅಲ್ಲಿಂದಲೇ ಸಾಗಬೇಕು. ಹೊಸ್ತಿಲಲ್ಲಿ ನಿಂತುಬಿಡುವ ದೊಡ್ಡಪ್ಪನೂ ಜ್ವರದ ಹುಳುವಿಗೆ ಸೊಪ್ಪು ಹಾಕಿದ ದೊಡ್ಡಪ್ಪನೂ ಒಂದೇ ಕಾಯಿಲೆಯ ಎರಡು ಮುಖ. ಆಮೇಲಾಮೇಲೆ ಸಂಜೆಯ ಮಬ್ಬಿನಲ್ಲಿ ಹುಳುಮನೆಯ ಮೂಲೆಯಲ್ಲಿ ಮಕ್ಕಳು ಕೂತಂತೆ ಅವರಿಗೆ ಕಾಣತೊಡಗಿತು. "ಯಾರ ಮಕ್ಕಳೇ ಅವು, ಊಟಕ್ಕಿಕ್ಕು" ಎನ್ನುತ್ತಿದ್ದರು. ದೊಡ್ಡಮ್ಮ ಗಾಳಿಸೋಕು ಎಂದುಕೊಂಡರು. ಹೀಗೆ ಮಕ್ಕಳು, ಬೆಕ್ಕು, ನಾಯಿ ಕಾಣುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ನಡುಕಕ್ಕೆಂದು ವಯಸ್ಸಾದವರಿಗೂ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯಿಂದ ಅದು ಹೆಚ್ಚಾಗುವುದುಂಟು, ಮರೆವೂ ಹೆಚ್ಚಾಗುವುದುಂಟು. ನರರೋಗ ತಜ್ಞರೊಬ್ಬರು ಆ ಮಾತ್ರೆಯನ್ನು ನಿಧಾನವಾಗಿ ಇಳಿಸಿದ ಮೇಲೆ ಮಕ್ಕಳು ಬರುವುದು ತುಂಬಾ ಕಡಿಮೆಯಾಯಿತು. ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ನಡೆಯುತ್ತಿದ್ದು ಗೊಂದಲ ಹೆಚ್ಚಿದ್ದರೆ ವೈದ್ಯರನ್ನು ಕೇಳಿ. ನೀವೇ ನಿಲ್ಲಿಸಬೇಡಿ.

ಅಕ್ಕನ ಪ್ರಶ್ನೆ ಬೇರೆ ಇತ್ತು. ಅವಳಿಗೆ ಇಬ್ಬರು ಮಕ್ಕಳು. ಗಂಡ ಬೇರೆ ಯಾರೂ ಅಲ್ಲ, ಸ್ವಂತ ಸೋದರಮಾವ. "ಇದು ನಮ್ಮ ವಂಶಕ್ಕೇ ಅಂಟಿದ್ದಾ?" ಎಂದು ಕೇಳಿದಳು. ನಾಗದೋಷವೋ ರಕ್ತದೋಷವೋ ಎಂಬುದು ಅವಳ ಅಳಲು.

ಇದಕ್ಕೆ ಉತ್ತರ ಹೇಳಲು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಿಂತ ಒಳ್ಳೆಯ ಶಾಲೆ ನನಗೆ ಕಾಣುವುದಿಲ್ಲ. ಮಿಶ್ರತಳಿಯ ಹಳದಿ ಗೂಡು, ದ್ವಿತಳಿಯ ಬಿಳಿ ಗೂಡು ಎರಡನ್ನೂ ಅಲ್ಲಿ ಜಾಲರಿಗಳಲ್ಲಿ ಸುರಿದಿರುತ್ತಾರೆ. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು ತೋರಿಸಿದ ಮೊದಲಿಗರಲ್ಲಿ ಒಬ್ಬರು ಜಪಾನಿನ ತೊಯಾಮ ಕಮೆತಾರೊ. ಅವರು ಅದನ್ನು ತೋರಿಸಿದ್ದು ರೇಷ್ಮೆಹುಳುವಿನಲ್ಲಿ, 1906ರಲ್ಲಿ. ಹಳದಿ ಗೂಡು ಕಟ್ಟುವ ತಳಿಯನ್ನೂ ಬಿಳಿ ಗೂಡಿನ ತಳಿಯನ್ನೂ ಕೂಡಿಸಿದರೆ ಮೊದಲ ಪೀಳಿಗೆಯೆಲ್ಲ ಹಳದಿ. ಬಿಳಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಅಡಗಿದೆ. ಆ ಹಳದಿಗಳನ್ನೇ ತಮ್ಮ ತಮ್ಮಲ್ಲಿ ಕೂಡಿಸಿದಾಗ ಮುಂದಿನ ಪೀಳಿಗೆಯಲ್ಲಿ ನಾಲ್ಕಕ್ಕೆ ಒಂದರಂತೆ ಬಿಳಿ ಗೂಡು ಮತ್ತೆ ಕಾಣಿಸಿಕೊಳ್ಳುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿ ಜೀನಿಗೂ ಎರಡು ಪ್ರತಿಗಳು. ಒಂದು ಪ್ರತಿಯೇ ಸಾಕು ಎನ್ನುವುದು ಹಳದಿಯ ಗುಣ. ಎರಡೂ ಸೇರಿದರೆ ಮಾತ್ರ ಎನ್ನುವುದು ಬಿಳಿಯ ಗುಣ. ಮನುಷ್ಯರ ಚಲನೆಯ ಕಾಯಿಲೆಗಳಲ್ಲಿ ಈ ಎರಡೂ ಬಗೆ ಇವೆ. ಕೈಕಾಲಿನ ಆಟ ಹೊರಗಿನಿಂದ ಒಂದೇ ಥರ ಕಂಡರೂ ಬುದ್ಧಿಗೆ ಏನಾಗುತ್ತದೆ, ಯಾವಾಗ ಆಗುತ್ತದೆ, ತಡೆಯಬಹುದೇ ಎಂಬುದು ಒಳಗಿನ ಜೀನಿನ ಮೇಲೆ ನಿಂತಿದೆ.

ಹಳದಿ ಬಗೆಯದು ಹಂಟಿಂಗ್ಟನ್ ಕಾಯಿಲೆ. ಮೂವತ್ತು ನಲವತ್ತರ ವಯಸ್ಸಿನಲ್ಲಿ ಮೈ ತಾನಾಗಿ ಕುಣಿಯಲಾರಂಭಿಸುತ್ತದೆ, ಭುಜ ಎಗರುತ್ತದೆ, ನಡಿಗೆ ತೂರಾಡುತ್ತದೆ. ಊರವರು ಕುಡುಕ ಎನ್ನುತ್ತಾರೆ. ಎಷ್ಟೋ ಸಲ ಮೈ ಕುಣಿಯುವುದಕ್ಕೆ ವರ್ಷಗಳ ಮುಂಚೆಯೇ ಸ್ವಭಾವ ಬದಲಾಗಿರುತ್ತದೆ: ಕಾರಣವಿಲ್ಲದ ಸಿಟ್ಟು, ಮಂಕು, ಲೆಕ್ಕ ತಪ್ಪುವುದು, ಹಿಡಿದ ಕೆಲಸ ಬಿಡುವುದು. ನಾಲ್ಕನೇ ವರ್ಣತಂತುವಿನ ಒಂದು ಜೀನಿನಲ್ಲಿ ಸಿ, ಎ, ಜಿ ಎಂಬ ಮೂರು ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. 35 ಸಲದವರೆಗೆ ಬಂದರೆ ಕಾಯಿಲೆಯಿಲ್ಲ, 40 ಮುಟ್ಟಿದರೆ ಆಯುಸ್ಸಿದ್ದಲ್ಲಿ ಕಾಯಿಲೆ ಬಂದೇ ಬರುತ್ತದೆ. ಎಣಿಕೆ ಹೆಚ್ಚಿದಷ್ಟೂ ಬೇಗ ಬರುತ್ತದೆ. ತಂದೆಯಿಂದ ಮಕ್ಕಳಿಗೆ ಇಳಿಯುವಾಗ ಎಣಿಕೆ ಹಿಗ್ಗುವುದುಂಟು, ಆಗ ಅಪ್ಪನಿಗೆ ನಲವತ್ತರಲ್ಲಿ ಬಂದದ್ದು ಮಗನಿಗೆ ಇಪ್ಪತ್ತರಲ್ಲೇ ಬರಬಹುದು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಈ ಜೀನು ಸಿಕ್ಕಿದ್ದು 1993ರಲ್ಲಿ. ಅದರ ಹಿಂದೆ ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಬಡ ಮೀನುಗಾರರ ಹಳ್ಳಿಗಳಿವೆ. ಅಲ್ಲಿನವರು ಇದನ್ನು ‘ಎಲ್ ಮಾಲ್’, ಅಂದರೆ ಕೇಡು, ಎನ್ನುತ್ತಿದ್ದರು. 1950ರ ದಶಕದಲ್ಲಿ ಅಲ್ಲಿನ ವೈದ್ಯ ಅಮೆರಿಕೊ ನೆಗ್ರೆಟ್ಟೆ, ಇವರು ಕುಡುಕರಲ್ಲ, ರೋಗಿಗಳು ಎಂದು ಗುರುತಿಸಿದರು. ಆಮೇಲೆ ನ್ಯಾನ್ಸಿ ವೆಕ್ಸ್ಲರ್ ವರ್ಷವರ್ಷವೂ ಅಲ್ಲಿಗೆ ಹೋಗಿ ಸಾವಿರಾರು ಜನರ ವಂಶವೃಕ್ಷ ಬರೆದು ರಕ್ತ ಸಂಗ್ರಹಿಸಿದರು. ಅವರ ತಾಯಿಯೇ ಈ ಕಾಯಿಲೆಯಿಂದ ತೀರಿಕೊಂಡವರು. ತಮಗೂ ಅದೇ ಇದೆಯೆಂದು ನ್ಯಾನ್ಸಿ 2020ರಲ್ಲಿ ಬಹಿರಂಗವಾಗಿ ಹೇಳಿದರು. ಮರಕೈಬೊದ ‘ಕೇಡು’ ಎಂಬ ಮಾತಿಗೂ ನಮ್ಮ ‘ಮನೆತನದ ಶಾಪ’ ಎಂಬ ಮಾತಿಗೂ ಸಮುದ್ರಗಳ ಅಂತರವಿದೆ. ಎರಡರ ಹಿಂದಿನ ಭಯ ಮಾತ್ರ ಒಂದೇ.

ಬಿಳಿ ಬಗೆಯ ಬಗ್ಗೆ ನಾನು ಹೆಚ್ಚು ಬರೆಯಬೇಕು. ನಮ್ಮ ಸೀಮೆಗೆ ಬೇಕಾದದ್ದು ಅದೇ.

ಎಂಟನೇ ತರಗತಿಯ ಒಬ್ಬ ಹುಡುಗ ಎಂದುಕೊಳ್ಳಿ. ದುಂಡಗಿದ್ದ ಅಕ್ಷರ ಸೊಟ್ಟಗಾಗುತ್ತದೆ. ಮಾತು ತೊದಲುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಬಟ್ಟಲು ಹಿಡಿದರೆ ಕೈ ರೆಕ್ಕೆ ಬಡಿದಂತೆ ನಡುಗುತ್ತದೆ. ಮುಂಚೆ ಎಂಬತ್ತು ಅಂಕ ತೆಗೆಯುತ್ತಿದ್ದವನು ಪಾಸಾಗಲು ತಿಣುಕುತ್ತಾನೆ. ಮೇಷ್ಟ್ರು ಬೈಯುತ್ತಾರೆ, ಮನೆಯವರು ಹೊಡೆಯುತ್ತಾರೆ, ಆಮೇಲೆ ತಾಯತ ಕಟ್ಟಿಸುತ್ತಾರೆ, ಆಮೇಲೆ ಮಾನಸಿಕ ರೋಗವೆಂದು ಮಾತ್ರೆ ಕೊಡಿಸುತ್ತಾರೆ. ವಿಲ್ಸನ್ ಕಾಯಿಲೆಯ ಮಕ್ಕಳ ಕಥೆ ಎಷ್ಟೋ ಸಲ ಹೀಗೇ ಶುರುವಾಗುತ್ತದೆ. 1912ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರು ಇದಕ್ಕೆ ಬಂದಿದೆ. ಊಟದಲ್ಲಿ ಬರುವ ತಾಮ್ರದಲ್ಲಿ ಮೈಗೆ ಬೇಕಾದದ್ದು ಬಹಳ ಕಮ್ಮಿ, ಮಿಕ್ಕದ್ದನ್ನು ಯಕೃತ್ತು ಪಿತ್ತರಸದ ಜೊತೆ ಹೊರಹಾಕುತ್ತದೆ. ಹೊರಹಾಕುವ ಪಂಪನ್ನು ಕಟ್ಟಿಕೊಡುವ ಜೀನು 13ನೇ ವರ್ಣತಂತುವಿನ ಎಟಿಪಿ7ಬಿ. ಅದರ ಎರಡೂ ಪ್ರತಿ ಕೆಟ್ಟಿದ್ದರೆ ತಾಮ್ರ ಮೊದಲು ಯಕೃತ್ತಿನಲ್ಲಿ, ಅಲ್ಲಿ ತುಂಬಿ ತುಳುಕಿ ಮೆದುಳಿನ ಅದೇ ನರಗಂಟುಗಳಲ್ಲಿ ಕೂರುತ್ತದೆ. ಕಣ್ಣಿನ ಕರಿಗುಡ್ಡೆಯ ಅಂಚಿಗೂ ಕೂರುತ್ತದೆ. ದೀಪದ ಉಪಕರಣದಲ್ಲಿ ನೋಡಿದರೆ ಕಂದು ಹಸಿರು ಬಣ್ಣದ ಉಂಗುರ ಕಾಣುತ್ತದೆ. ಒಂದು ಕಣ್ಣಿನ ಪರೀಕ್ಷೆ, ರಕ್ತದಲ್ಲಿ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದಲ್ಲಿ ತಾಮ್ರದ ಅಳತೆ, ಇಷ್ಟರಿಂದಲೇ ಬಹುಪಾಲು ಪ್ರಕರಣಗಳು ಹೊರಬೀಳುತ್ತವೆ.

ಹಂಟಿಂಗ್ಟನ್ನನ್ನು ತಡೆಯುವ ಮದ್ದಿಲ್ಲ, ವಿಲ್ಸನ್ನಿಗೆ ಇದೆ. 1956ರಲ್ಲಿ ಬ್ರಿಟನ್ನಿನ ಜಾನ್ ವಾಲ್ಶ್ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಕಳಿಸುವ ಪೆನಿಸಿಲಮಿನ್ ಔಷಧವನ್ನು ಬಳಕೆಗೆ ತಂದರು. ಕರುಳಲ್ಲೇ ತಾಮ್ರವನ್ನು ತಡೆಯಲು ಸತುವಿನ ಮಾತ್ರೆಯೂ ಇದೆ. ಬೇಗ ಶುರುಮಾಡಿದರೆ ನಡುಕ ಇಳಿಯುತ್ತದೆ, ಮಾತು ಮರಳುತ್ತದೆ, ಮಂಕಾದ ಬುದ್ಧಿಯೂ ಬಹಳ ಮಟ್ಟಿಗೆ ಚೇತರಿಸುತ್ತದೆ. ಕೆಲವರಲ್ಲಿ ಮೊದಮೊದಲು ಲಕ್ಷಣ ಹೆಚ್ಚಾಗುವುದುಂಟು, ಆದ್ದರಿಂದ ತಜ್ಞರ ಕಣ್ಣಳವಿನಲ್ಲೇ ಆಗಬೇಕು. ಜೀವನಪೂರ್ತಿ ನುಂಗಬೇಕು, ವಾಸಿಯಾಯಿತೆಂದು ಬಿಟ್ಟವರು ತುಂಬಾ ಕಷ್ಟಪಟ್ಟಿದ್ದಾರೆ. ಈ ಕಾಯಿಲೆಯ ಬಗ್ಗೆ ಲೋಕದ ದೊಡ್ಡ ಅನುಭವಗಳಲ್ಲಿ ಒಂದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು. ಮೂರು ದಶಕಗಳಲ್ಲಿ ಅಲ್ಲಿ ನೋಡಿದ 282 ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದ್ದಾರೆ. ಮನೆಯ ಮಾತೊಂದನ್ನು ಸೇರಿಸುತ್ತೇನೆ. ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವುದು ನಮ್ಮಲ್ಲಿ ಒಳ್ಳೆಯದೆಂಬ ನಂಬಿಕೆ ಇದೆ. ವಿಲ್ಸನ್ ಇರುವ ಮಗುವಿರುವ ಮನೆಯಲ್ಲಿ ಆ ಚೊಂಬನ್ನು ದೇವರ ಮನೆಗೇ ಬಿಡಬೇಕು.

ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಕಾಣುವುದು ಆ ಹುಡುಗನಲ್ಲ, ಅವನ ತಂಗಿ. ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಪ್ರತಿ ಒಂದೊಂದು ಅಡಗಿತ್ತೆಂದು ಅಣ್ಣನ ಕಾಯಿಲೆ ಹೇಳಿಯಾಯಿತು. ಅಂದಮೇಲೆ ಅವಳಿಗೂ ಅದು ಬರುವ ಸಾಧ್ಯತೆ ನಾಲ್ಕಕ್ಕೆ ಒಂದು. ಅವಳೀಗ ಚೆನ್ನಾಗಿ ಓಡಾಡಿಕೊಂಡಿದ್ದಾಳೆ, ಮೊದಲ ರ‍್ಯಾಂಕು ಬರುತ್ತಾಳೆ. ಇವತ್ತೇ ರಕ್ತ ಕೊಟ್ಟು, ಇದ್ದರೆ ಇವತ್ತೇ ಔಷಧ ಶುರುಮಾಡಿದರೆ ಅವಳ ಕೈ ನಡುಗುವುದೇ ಇಲ್ಲ, ಅಕ್ಷರ ಸೊಟ್ಟಗಾಗುವುದೇ ಇಲ್ಲ. ಅಣ್ಣನಿಗೆ ಕಾಯಿಲೆ ಗೊತ್ತಾದ ಮೇಲೂ ತಂಗಿಯ ಪರೀಕ್ಷೆ ಮಾಡಿಸದ ಮನೆಗಳಿವೆ. ಬಡತನ ಒಂದು ಕಾರಣ. "ಅವಳಿಗೂ ಇದೆ ಅಂತಾದ್ರೆ ಮದುವೆ ಆಗಲ್ಲ" ಎಂಬ ಹೆದರಿಕೆ ಇನ್ನೊಂದು. ಈ ಹೆದರಿಕೆಯ ಮುಂದೆ ನಾನು ಕೈಮುಗಿದು ಬೇಡಿಕೊಳ್ಳುತ್ತೇನೆ: ಮದುವೆಯ ಮಾತು ಆಮೇಲೆ, ಮೊದಲು ಆ ಹುಡುಗಿಯ ಮೆದುಳು ಉಳಿಯಲಿ. ಮಾತ್ರೆ ತಪ್ಪದೆ ನುಂಗುತ್ತಾ ಓದಿ, ಕೆಲಸ ಹಿಡಿದು, ಮದುವೆಯಾಗಿ, ಮಕ್ಕಳನ್ನು ಹೆತ್ತ ವಿಲ್ಸನ್ ಹೆಣ್ಣುಮಕ್ಕಳಿದ್ದಾರೆ.

ಇನ್ನೊಂದನ್ನೂ ಗಮನಿಸಿ. ಎರಡು ಕೆಟ್ಟ ಪ್ರತಿ ಸೇರಲು ತಾಯಿಯದೊಂದು, ತಂದೆಯದೊಂದು ಬೇಕು. "ಅವಳ ಹೊಟ್ಟೆಯ ದೋಷ" ಎನ್ನುವ ಮಾತು ಇಲ್ಲಿಗೆ ಸತ್ತಿತು. ಇಬ್ಬರ ತಪ್ಪೂ ಅಲ್ಲ, ಇಬ್ಬರ ಪಾಲೂ ಇದೆ.

ಅಡಗಿದ ಬಿಳಿ ಹೊರಬರುವುದು ಸಂಬಂಧದೊಳಗಿನ ಮದುವೆಯಲ್ಲಿ ಹೆಚ್ಚು. ಅಕ್ಕನ ಮಗಳನ್ನು ತರುವುದು, ಅತ್ತೆ ಮಗನಿಗೆ ಕೊಡುವುದು ನಮ್ಮ ಕನ್ನಡ ತೆಲುಗು ಬೆರೆತ ಸೀಮೆಯಲ್ಲಿ ಹಕ್ಕಿನ ಹಾಗೆ ನಡೆದುಬಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ. 27ರಷ್ಟು ಮದುವೆಗಳು ರಕ್ತಸಂಬಂಧದೊಳಗಿನವು. ಸೋದರಮಾವನೂ ಅಕ್ಕನ ಮಗಳೂ ಸರಾಸರಿ ನಾಲ್ಕನೇ ಒಂದು ಪಾಲು ಜೀನುಗಳನ್ನು ಹಂಚಿಕೊಂಡಿರುತ್ತಾರೆ, ಅತ್ತೆ ಮಗನೂ ಮಾವನ ಮಗಳೂ ಎಂಟನೇ ಒಂದು ಪಾಲನ್ನು. ಅಜ್ಜನೊಬ್ಬನಲ್ಲಿ ಅಡಗಿದ್ದ ಒಂದೇ ಕೆಟ್ಟ ಪ್ರತಿ ಎರಡು ದಾರಿಯಲ್ಲಿ ಇಳಿದು ಒಂದೇ ಮಗುವಿನಲ್ಲಿ ಸೇರಲು ಇದು ಹತ್ತಿರದ ದಾರಿ. ಇಂಥ ಮದುವೆಯಾದವರನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಆಸ್ತಿ ಒಡೆಯದಿರಲಿ, ಮಗಳು ಕಣ್ಣೆದುರಿಗಿರಲಿ ಎಂಬ ಪ್ರೀತಿಯಿಂದ ಆದ ಮದುವೆಗಳವು, ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ಆದರೆ ಮನೆಯಲ್ಲಿ ಈಗಾಗಲೇ ಇಂಥ ಒಂದು ಮಗು ಇದ್ದರೆ ಅದೇ ಬಳ್ಳಿಯೊಳಗೆ ಮತ್ತೆ ಮದುವೆ ಕೂಡಿಸುವ ಮುನ್ನ ಒಬ್ಬ ಜೆನೆಟಿಕ್ ಆಪ್ತಸಮಾಲೋಚಕರನ್ನು ಕಾಣಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ.

ದೊಡ್ಡಪ್ಪನ ಪಾರ್ಕಿನ್ಸನ್ ಹಳದಿಯೋ ಬಿಳಿಯೋ? ಬಹುತೇಕ ಎರಡೂ ಅಲ್ಲ. ಪಾರ್ಕಿನ್ಸನ್ ಬಂದ ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಇದೇ ಕಾರಣ ಎಂದು ಬೊಟ್ಟು ಮಾಡುವಂಥ ಒಂದು ಜೀನು ಸಿಗುವುದಿಲ್ಲ. ವಯಸ್ಸು, ಪರಿಸರ, ಹತ್ತಾರು ಜೀನುಗಳ ಸಣ್ಣ ಸಣ್ಣ ಕೊಡುಗೆ ಎಲ್ಲ ಕೂಡಿ ಬರುತ್ತದೆ. ಮಕ್ಕಳಿಗೆ ಬರುವ ಸಾಧ್ಯತೆ ಉಳಿದವರಿಗಿಂತ ತುಸು ಹೆಚ್ಚು, ಅಷ್ಟೆ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಹುಡುಗರಿಗೆ ಹೇಳ್ಬಿಡ್ತೀನಿ" ಎಂದಳು. ಮಕ್ಕಳೂ ಒಳಗೊಳಗೇ ಹೆದರಿದ್ದರೆಂದು ನನಗೆ ಆಗಲೇ ಗೊತ್ತಾದದ್ದು.

ಉಳಿದ ಒಂದೆರಡು ಪಾಲಿನಲ್ಲಿ ಜೀನು ಮಾತಾಡುತ್ತದೆ, ಬುದ್ಧಿಯ ವಿಚಾರದಲ್ಲಿ ಬೇರೆ ಬೇರೆ ಮಾತಾಡುತ್ತದೆ. ಜೀವಕೋಶದ ಕಸ ಕರಗಿಸುವ ಕಿಣ್ವವೊಂದನ್ನು ಕಟ್ಟುವ ಜಿಬಿಎ ಜೀನಿನಲ್ಲಿ ದೋಷವಿರುವವರಿಗೆ ಪಾರ್ಕಿನ್ಸನ್ ಬರುವ ಸಾಧ್ಯತೆ ಹೆಚ್ಚೆಂದು 2009ರಲ್ಲಿ 16 ಕೇಂದ್ರಗಳ ಅಧ್ಯಯನವೊಂದು ಖಚಿತಪಡಿಸಿತು. ದೋಷವಿದ್ದೂ ಪಾರ್ಕಿನ್ಸನ್ ಬಾರದೆ ಬದುಕುವವರೇ ಹೆಚ್ಚು. ಆದರೆ ಬಂದವರಲ್ಲಿ ಬುದ್ಧಿ ಕುಂದುವುದು ಬೇಗ. 1998ರಲ್ಲಿ ಜಪಾನಿನಲ್ಲಿ ಪತ್ತೆಯಾದ ಪಾರ್ಕಿನ್ ಎಂಬ ಜೀನಿನ ಕಥೆ ತಿರುಗಾಮುರುಗಾ. ಅದು ಬಿಳಿ ಬಗೆಯದು, ಎರಡು ಕೆಟ್ಟ ಪ್ರತಿ ಸೇರಿದರೆ ಇಪ್ಪತ್ತು ಮೂವತ್ತರ ಹರೆಯದಲ್ಲೇ ಕೈಕಾಲು ಬಿಗಿಯುತ್ತದೆ. ಬುದ್ಧಿ ಮಾತ್ರ ದಶಕಗಟ್ಟಲೆ ನೆಟ್ಟಗಿರುತ್ತದೆ. ಇನ್ನು ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನಿನ ಜೀನು ತಾನೇ ನಕಲಾಗಿ ಪ್ರತಿಗಳು ಹೆಚ್ಚಾದ ಕೆಲವೇ ಮನೆತನಗಳಿವೆ. ಪ್ರತಿ ಹೆಚ್ಚಿದಷ್ಟೂ ಡಿಮೆನ್ಷಿಯಾ ಬೇಗ ಬರುತ್ತದೆ. ನಡುಕ ನೋಡಿ ಭವಿಷ್ಯ ಹೇಳಲಾಗದು ಎನ್ನುವುದು ಇದಕ್ಕೇ.

ಈ ಸೀಮೆಗೆ ನರರೋಗದ ವಿಜ್ಞಾನ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಗೌರಿಬಿದನೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆ ಮನೆ ತಟ್ಟಿ 57 ಸಾವಿರಕ್ಕೂ ಹೆಚ್ಚು ಜನರ ನಡುವೆ ನರರೋಗಗಳ ಲೆಕ್ಕ ತೆಗೆದರು. ಪ್ರಶ್ನಿಸುವ ಗುಣವೂ ಇಲ್ಲಿಗೆ ಹೊಸದಲ್ಲ: ಅದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿಕೊಂಡು ಬಂದವರು. ಚಿಂತಾಮಣಿಗೆ ಹೊಂದಿಕೊಂಡ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ವರ್ಷ ಮೀರಿದ ಹಳ್ಳಿಗರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಗುರಿ 10,000 ಜನ. ನೆನಪಿನ ಪರೀಕ್ಷೆ, ಮೆದುಳಿನ ಚಿತ್ರ, ರಕ್ತದ ಜೀನು ಎಲ್ಲವೂ ಅದರಲ್ಲಿವೆ. ಯುರೋಪಿನ ಬಿಳಿಯರ ಜೀನಿನಿಂದ ಕಟ್ಟಿದ ಲೆಕ್ಕ ನಮಗೆ ಪೂರ್ತಿ ಒಪ್ಪುವುದಿಲ್ಲ, ಅದಕ್ಕೇ ಈ ಹಳ್ಳಿಗರು ಕೊಡುವ ಒಂದೊಂದು ಸಣ್ಣ ಸೀಸೆ ರಕ್ತಕ್ಕೂ ಬೆಲೆಯಿದೆ. 2022ರಲ್ಲಿ ರಾಜ್ಯ ಸರ್ಕಾರವೂ ನಿಮ್ಹಾನ್ಸೂ ಕೂಡಿ ಶುರುಮಾಡಿದ ‘ಕಭಿ’ ಎಂಬ ಮೆದುಳಿನ ಆರೋಗ್ಯದ ಕಾರ್ಯಕ್ರಮಕ್ಕೆ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವು ಅದರ ಮುಖ್ಯ ನಾಲ್ಕು ಗುರಿ. ನಡುಕ ಆ ಪಟ್ಟಿಯಲ್ಲಿ ಹೆಸರಿಟ್ಟು ಇಲ್ಲ. ಇರಬೇಕಿತ್ತು ಎಂಬುದು ನನ್ನ ಅನಿಸಿಕೆ. ಮರೆವಿಗೆಂದು ಬಂದವರ ಕೈಯನ್ನೂ ನಡುಕಕ್ಕೆಂದು ಬಂದವರ ನೆನಪನ್ನೂ ಒಂದೇ ಭೇಟಿಯಲ್ಲಿ ನೋಡಿದರೆ ಎಷ್ಟೋ ಮನೆಗಳ ಅಲೆದಾಟ ತಪ್ಪುತ್ತದೆ.

ಜೀನಿನ ಪರೀಕ್ಷೆ ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ವಿಲ್ಸನ್ನಿನಲ್ಲಿ ಗೊತ್ತಾದರೆ ಬದುಕು ಉಳಿಯುತ್ತದೆ, ಅಲ್ಲಿ ತಡ ಮಾಡಬಾರದು. ಹಂಟಿಂಗ್ಟನ್ನಿನಲ್ಲಿ ಗೊತ್ತಾದರೂ ತಡೆಯಲಾಗದು. ಇಪ್ಪತ್ತೈದರ ಯುವಕನೊಬ್ಬ "ನನಗೆ ತಿಳಿಯುವುದೇ ಬೇಡ" ಎಂದರೆ ಅದು ಅವನ ಹಕ್ಕು. ಆರೋಗ್ಯವಾಗಿರುವ ಮಗುವಿನ ರಕ್ತವನ್ನು ತಂದೆ ತಾಯಿಯ ಆತಂಕಕ್ಕೆ ಪರೀಕ್ಷಿಸುವುದಿಲ್ಲ, ಅದು ಬೆಳೆದು ದೊಡ್ಡದಾಗಿ ತಾನೇ ನಿರ್ಧರಿಸಬೇಕು. ಪರೀಕ್ಷೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೂತು ಮಾತಾಡುವುದು ಕಡ್ಡಾಯ ಎನ್ನುವಷ್ಟು ಮುಖ್ಯ. ಅದಕ್ಕೆ ಹೋಗುವಾಗ ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆದುಕೊಂಡು ಹೋಗಿ. ಯಾರಿಗೆ ಎಷ್ಟನೇ ವಯಸ್ಸಿಗೆ ಕೈ ನಡುಗಿತು, ಯಾರು "ಕುಡಿದು ಕೆಟ್ಟರು", ಯಾರು "ತಲೆ ಕೆಟ್ಟು" ಬಾವಿ ಪಾಲಾದರು, ಯಾರ ಮದುವೆ ಯಾರ ಜೊತೆ. ಮನೆಯ ಹಿರಿಯಜ್ಜಿಗೆ ಇವೆಲ್ಲ ಗೊತ್ತಿರುತ್ತವೆ. ಇಂಥ ಹಾಳೆಯಿಂದ ಶುರುವಾಗದ ಜೀನಿನ ವಿಜ್ಞಾನ ಎಲ್ಲೂ ಇಲ್ಲ.

ಔಷಧ ಸರಿಹೋದ ಮೇಲೂ ದೊಡ್ಡಪ್ಪ ಮೊದಲಿನಂತಾಗಲಿಲ್ಲ. ಯಾವುದಾದ ಮೇಲೆ ಯಾವುದು ಎಂಬುದು ಅವರಿಗೆ ಈಗಲೂ ಜಾರುತ್ತದೆ. ಅಕ್ಕ ಹುಳುಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆದಿಡುತ್ತಾಳೆ: ಇವತ್ತು ಮೂರನೇ ಜ್ವರ, ಸೊಪ್ಪು ಬೇಡ, ನಾಳೆ ಸಂಜೆ ಏಳುತ್ತವೆ. ಅವರು ಬಾಗಿಲ ಮುಂದೆ ನಿಂತು, ಎರಡು ಸಲ ಓದಿ, ತಲೆಯಾಡಿಸಿ ಒಳಗೆ ಹೋಗುತ್ತಾರೆ. ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ದಿನ ಮಾತ್ರ ಯಾರೂ ಏನೂ ಬರೆಯುವುದಿಲ್ಲ. ಮೈ ಮಿರುಗುವ ಹುಳು ಯಾವುದು, ಇನ್ನೂ ಹೊತ್ತು ಬೇಕಾದದ್ದು ಯಾವುದು ಎಂದು ಅವರ ಕಣ್ಣಿಗೆ ಇಂದಿಗೂ ತಪ್ಪದೆ ಗೊತ್ತಾಗುತ್ತದೆ. ತೊಡೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಕೈ ಎದ್ದು ತಟ್ಟೆಯ ಕಡೆ ಹೋಗುತ್ತದೆ, ಬೆರಳು ಹುಳುವನ್ನು ಮುಟ್ಟುವ ಹೊತ್ತಿಗೆ ನಡುಕ ನಿಂತಿರುತ್ತದೆ.